ಕನ್ನಡ ಪೀರಿಯಡ್‌ನಲ್ಲೇ ಕೋಡಿಂಗ್: ಸಂಧಿ, ವಿಭಕ್ತಿ, ಪ್ರಸ್ತಾರ ಇಟ್ಕೊಂಡು ಮಾಡೋದು ಹೇಗೆ

‘ಊರು’ಗೆ ‘ಅನ್ನು’ ಸೇರಿಸಿದ್ರೆ ಊರನ್ನು. ‘ಗುರು’ಗೆ ‘ಅನ್ನು’ ಸೇರಿಸಿದ್ರೆ ಗುರುವನ್ನು. ಎರಡೂ ಮುಗಿಯೋದು ‘ರು’ ಅಂತಾನೇ, ಆದ್ರೆ ಒಂದ್ಕಡೆ ಉ ಬಿದ್ದೋಯ್ತು, ಇನ್ನೊಂದ್ಕಡೆ ಉ ಗಟ್ಟಿಯಾಗಿ ಕೂತ್ಕೊಂಡು ಮಧ್ಯೆ ಒಂದು ವ ಬೇರೆ ಬಂತು. ಏಳನೇ ಕ್ಲಾಸಿನ ಮಕ್ಕಳು ‘ಊರುವನ್ನು’ ಅಂತ ಬಾಯಿತಪ್ಪಿ ಕೂಡ ಹೇಳಲ್ಲ. ಯಾಕೆ ಹೇಳಲ್ಲ ಅಂತ ಕೇಳಿ ನೋಡಿ, ‘ಹಾಗೇ ಬರತ್ತೆ ಮಿಸ್’ ಅಂತಾರೆ.

ಈ ‘ಹಾಗೇ ಬರತ್ತೆ’ ಅನ್ನೋದನ್ನ ಕಂಪ್ಯೂಟರ್‌ಗೆ ಹೇಳಕ್ಕಾಗಲ್ಲ. ಅದಕ್ಕೆ ಬಾಯಿನೂ ಇಲ್ಲ ಕಿವಿನೂ ಇಲ್ಲ, ಅಜ್ಜಿ ಹೇಳಿದ ಕಥೆ ಕೇಳಿ ಬೆಳೆದಿಲ್ಲ. ಅದಕ್ಕೆ ಒಂದೊಂದಾಗಿ ಬಿಡಿಸಿ ಹೇಳ್ಬೇಕು, ಹಾಗೆ ಬಿಡಿಸಿ ಹೇಳಕ್ಕೆ ಕೂತಾಗ ಮಗುಗೆ ತನ್ನ ಬಾಯಲ್ಲೇ ಇರೋ ವ್ಯಾಕರಣ ಮೊದಲನೇ ಸಲ ಕಣ್ಣಿಗೆ ಕಾಣತ್ತೆ. ನಾನು ಭಾಷೆ ಪಾಠದಲ್ಲಿ ಪ್ರೋಗ್ರಾಮಿಂಗ್ ತರೋದು ಇದಕ್ಕೋಸ್ಕರ ಮಾತ್ರ. ಮಕ್ಕಳು ಮುಂದೆ ಸಾಫ್ಟ್‌ವೇರ್ ಇಂಜಿನಿಯರ್ ಆಗ್ಲಿ ಅಂತ ಅಲ್ವೇ ಅಲ್ಲ.

‘ಕಂಪ್ಯೂಟೇಶನಲ್ ಥಿಂಕಿಂಗ್’ ಅನ್ನೋ ಮಾತು ಶಿಕ್ಷಣದಲ್ಲಿ ಜೋರಾಗಿ ಓಡಾಡಕ್ಕೆ ಶುರುವಾಗಿದ್ದು 2006ರಲ್ಲಿ ಜೆನೆಟ್ ವಿಂಗ್ ಬರೆದ ಒಂದು ಚಿಕ್ಕ ಲೇಖನದಿಂದ. ಹೆಸರು ದೊಡ್ಡದು, ಒಳಗಿರೋದು ನಾಲ್ಕು ಕೆಲಸ: ದೊಡ್ಡದನ್ನ ಬಿಡಿಸೋದು, ಮತ್ತೆ ಮತ್ತೆ ಬರೋದನ್ನ ಗುರುತಿಸೋದು, ಈಗ ಬೇಡದ್ದನ್ನ ಪಕ್ಕಕ್ಕಿಡೋದು, ಉಳಿದಿದ್ದನ್ನ ಹೆಜ್ಜೆ ಹೆಜ್ಜೆಯಾಗಿ ಬರೆಯೋದು. ಪದ ಬಿಡಿಸಿ ಸಂಧಿ ಹೆಸರಿಸಿ ಅಂತ ಕೇಳೋ ಮೇಷ್ಟ್ರುಗಳು ಇದನ್ನ ಎಷ್ಟೋ ಕಾಲದಿಂದ ಮಾಡ್ತಾನೇ ಇದ್ದಾರೆ, ಹೆಸರು ಮಾತ್ರ ಹೊಸದು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಮಕ್ಕಳಿಗೋಸ್ಕರ 1967ರಲ್ಲಿ ಮಾಡಿದ ಲೋಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹೆಸರೇ ಗ್ರೀಕಲ್ಲಿ ‘ಮಾತು’ ಅನ್ನೋ ಅರ್ಥದ ಪದದಿಂದ ಬಂದಿದ್ದು, ಚಿತ್ರ ಬಿಡಿಸೋ ಆಮೆ ಸೇರಿದ್ದು ಆಮೇಲೆ, ಅದಕ್ಕೂ ಮುಂಚೆ ಅದು ಪದ ವಾಕ್ಯಗಳ ಜೊತೆ ಆಟ ಆಡೋ ಭಾಷೆ. ಲೋಗೋ ಮಾಡಿದವರಲ್ಲಿ ಒಬ್ರಾದ ಸೆಮೂರ್ ಪ್ಯಾಪರ್ಟ್ ಒಂದು ಪ್ರಸಂಗ ಬರೆದಿದ್ದಾರೆ: ಪದಗಳನ್ನ ಸುಮ್ನೆ ಜೋಡಿಸಿ ಕವಿತೆ ಥರ ಮಾಡೋ ಪ್ರೋಗ್ರಾಂ ಬರೀತಿದ್ದ 13 ವರ್ಷದ ಹುಡುಗಿ ಒಂದಿನ ಖುಷಿಯಿಂದ ಬಂದು, ನಾಮಪದ ಕ್ರಿಯಾಪದ ಅಂತ ಯಾಕಿದೆ ಅನ್ನೋದು ಈಗ ಗೊತ್ತಾಯ್ತು ಅಂದ್ಲಂತೆ. ಪದಗಳನ್ನ ಬೇರೆ ಬೇರೆ ಡಬ್ಬಕ್ಕೆ ಹಾಕ್ದೆ ಅವಳ ಪ್ರೋಗ್ರಾಂ ಓಡ್ತಾನೇ ಇರಲಿಲ್ಲ, ಅದಕ್ಕೆ.

ಮೊದಲು ನಾನು ಮಾಡಿದ ತಪ್ಪು

ಮೊದಲನೇ ವರ್ಷ ನಾನು ಸ್ಕ್ರ್ಯಾಚ್ (ಬ್ಲಾಕು ಜೋಡಿಸಿ ಪ್ರೋಗ್ರಾಂ ಮಾಡೋ ಮಕ್ಕಳ ಸಾಫ್ಟ್‌ವೇರ್) ಓಪನ್ ಮಾಡಿ ಬೆಕ್ಕನ್ನ ಹೇಗೆ ಓಡಿಸೋದು ಅಂತ ಮೂರು ಪೀರಿಯಡ್ ತೋರಿಸ್ದೆ. ಮಕ್ಕಳಿಗೆ ಹಬ್ಬ. ಬೆಕ್ಕು ಓಡ್ತು, ಹಾರ್ತು, ಬಣ್ಣ ಬದಲಾಯಿಸ್ತು, ಕನ್ನಡ ಮಾತ್ರ ಒಂದಕ್ಷರ ಮುಂದೆ ಹೋಗಿಲ್ಲ. ಆವಾಗಿಂದ ಒಂದು ರೂಲ್ ಇಟ್ಕೊಂಡಿದೀನಿ. ಪಾಠದ ಗುರಿ ಬರೆದಾಗ ಅದರಲ್ಲಿ ಕಂಪ್ಯೂಟರ್ ಅನ್ನೋ ಪದ ಬರಬಾರದು. ‘ಚತುರ್ಥಿ ವಿಭಕ್ತಿ ಯಾವಾಗ ಕ್ಕೆ, ಯಾವಾಗ ಗೆ’ ಅನ್ನೋದು ಗುರಿ. ‘ಲೂಪ್ ಕಲಿಸೋದು’ ಗುರಿ ಆದ್ರೆ ಆ ಪೀರಿಯಡ್‌ನ ಕಂಪ್ಯೂಟರ್ ಮೇಷ್ಟ್ರಿಗೆ ಕೊಟ್ಬಿಡಿ.

ಏನೇನು ಬೇಕು? ಒಂದು ಕಂಪ್ಯೂಟರ್ ಇದ್ರೆ ಸಾಕು, ಮೊದಲ ಎರಡು ಹಂತಕ್ಕೆ ಅದೂ ಬೇಡ. ಚೀಟಿ, ಪೆನ್ಸಿಲ್, ಬೋರ್ಡು. ಚಿಕ್ಕ ಮಕ್ಕಳಾದ್ರೆ ಸ್ಕ್ರ್ಯಾಚ್ ಸಾಕು, ಪದ ಜೋಡಿಸೋ ಬ್ಲಾಕು, ಇಷ್ಟನೇ ಅಕ್ಷರ ಕೊಡು ಅನ್ನೋ ಬ್ಲಾಕು, ಪಟ್ಟಿ, ಪ್ರಶ್ನೆ ಕೇಳೋ ಬ್ಲಾಕು ಎಲ್ಲಾ ಅದರಲ್ಲಿದೆ, ಫ್ರೀ, ಇನ್‌ಸ್ಟಾಲ್ ಮಾಡ್ಕೊಂಡ್ರೆ ನೆಟ್ ಇಲ್ದೇನೂ ನಡೆಯತ್ತೆ. ಎಂಟನೇ ಕ್ಲಾಸಿಂದ ಮೇಲೆ ಪೈಥಾನ್, ಅದು ಟೈಪ್ ಮಾಡಿ ಬರೆಯೋ ಪ್ರೋಗ್ರಾಮಿಂಗ್ ಭಾಷೆ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ, ಅಂದ್ರೆ ಮಾಹಿತಿ ಇಡೋ ಡಬ್ಬಕ್ಕೆ, ‘ಪದ’, ‘ಉತ್ತರ’ ಅಂತ ಕನ್ನಡದಲ್ಲೇ ಹೆಸರಿಡಬಹುದು, ಇದು ಮಕ್ಕಳಿಗೆ ಎಷ್ಟು ಧೈರ್ಯ ಕೊಡತ್ತೆ ಅಂತ ನೋಡಿದ್ಮೇಲೇ ನಂಗೆ ಗೊತ್ತಾಗಿದ್ದು.

ಹಂತ 1: ಪೆದ್ದ ಶಿಷ್ಯನ ಆಟ

ಒಬ್ಬ ಹುಡುಗನ್ನ ಮುಂದೆ ಕರೆದು ಕೂರಿಸಿ, ಅವನೇ ಯಂತ್ರ. ಅವನಿಗೆ ಕನ್ನಡ ಬರಲ್ಲ ಅಂತ ಇಟ್ಕೊಳ್ಳಿ. ಉಳಿದವರು ಚೀಟಿಯಲ್ಲಿ ಬರೆದುಕೊಟ್ಟ ರೂಲ್ ಬಿಟ್ಟು ಅವನು ಸ್ವಂತ ಬುದ್ಧಿ ಒಂಚೂರೂ ಉಪಯೋಗಿಸಂಗಿಲ್ಲ. ಕೆಲಸ ಇಷ್ಟೇ, ಕೊಟ್ಟ ಪದಕ್ಕೆ ಚತುರ್ಥಿ ಪ್ರತ್ಯಯ ಹಚ್ಚಬೇಕು.

ಮೊದಲನೇ ಚೀಟಿಯಲ್ಲಿ ‘ಪದದ ಮುಂದೆ ಗೆ ಹಚ್ಚು’ ಅಂತ ಬರೆದು ಕೊಡ್ತಾರೆ. ಮನೆ, ಮನೆಗೆ. ಕುರಿ, ಕುರಿಗೆ. ಎಲ್ಲರೂ ಖುಷಿ. ಆಮೇಲೆ ನೀವು ‘ಮರ’ ಅಂತ ಕೊಡಿ. ಅವನು ‘ಮರಗೆ’ ಅಂತಾನೆ, ಕ್ಲಾಸ್ ಪೂರ್ತಿ ನಗು. ಚೀಟಿ ತಿದ್ದುತಾರೆ: ಪದ ‘ಅ’ದಲ್ಲಿ ಮುಗಿದ್ರೆ ‘ಕ್ಕೆ’ ಹಚ್ಚು. ಮರಕ್ಕೆ, ಮೊಲಕ್ಕೆ, ಹೊಲಕ್ಕೆ. ಈಗ ‘ಅಣ್ಣ’ ಕೊಡಿ. ‘ಅಣ್ಣಕ್ಕೆ’! ಮತ್ತೆ ತಿದ್ದು: ಮನುಷ್ಯರಾದ್ರೆ ‘ನಿಗೆ’. ಈ ಜಾಗದಲ್ಲಿ ಸ್ವಲ್ಪ ನಿಲ್ಲಿ, ಅವಸರ ಮಾಡಬೇಡಿ, ಯಾಕಂದ್ರೆ ಇಲ್ಲಿ ಒಂದು ದೊಡ್ಡ ವಿಷಯ ಇದೆ. ಇಲ್ಲಿವರೆಗೂ ರೂಲ್ ಪದದ ಆಕಾರ ನೋಡ್ತಿತ್ತು, ಈಗ ಅರ್ಥ ಕೇಳ್ತಿದೆ. ಮರ, ಅಣ್ಣ ಎರಡೂ ‘ಅ’ದಲ್ಲೇ ಮುಗಿಯೋದು, ಅಕ್ಷರ ಎಷ್ಟು ನೋಡಿದ್ರೂ ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಯಾರಾದ್ರೂ ಅದಕ್ಕೆ ಹೇಳ್ಬೇಕು, ಇಲ್ಲಾ ಪಟ್ಟಿ ಕೊಡಬೇಕು.

ಆಮೇಲೆ ಮೆಲ್ಲಗೆ ‘ಸೂರ್ಯ’ ಅಂತ ಒಂದು ಚೀಟಿ ಬಿಡಿ. ಮನುಷ್ಯ ಅಲ್ಲ, ಹಾಗಾಗಿ ಯಂತ್ರ ‘ಸೂರ್ಯಕ್ಕೆ’ ಅನ್ನತ್ತೆ. ಎಲ್ಲರ ಬಾಯಲ್ಲಿ ಸೂರ್ಯನಿಗೆ. ಚಂದ್ರನಿಗೆ ಕೂಡ ಹಂಗೇ. ‘ಮನುಷ್ಯ’ ಅನ್ನೋ ರೂಲ್ ಸಾಲಲ್ಲ, ನಮಗೆ ಬೇಕಾಗಿರೋದು ಲಿಂಗ ಅಂತ ಮಕ್ಕಳೇ ಕಂಡ್ಕೋತಾರೆ. ಲಿಂಗ ಅನ್ನೋ ಪಾಠನ ನಾನು ಎಷ್ಟೋ ವರ್ಷ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಅಂತ ಬಾಯಿಪಾಠ ಮಾಡಿಸಿದೀನಿ, ಅದು ಯಾಕೆ ಬೇಕು ಅಂತ ಒಬ್ರಿಗೂ ಅನ್ನಿಸಿರಲಿಲ್ಲ.

ಹಂತ 2: ಬೋರ್ಡ್ ಮೇಲೆ ಎರಡು ಸಾಲು

ಈಗ ಊರು, ಗುರು ಸಮಸ್ಯೆ. ‘ಉ’ದಲ್ಲಿ ಮುಗಿಯೋ ಪದಗಳನ್ನ ಮಕ್ಕಳಿಂದಾನೇ ಹೇಳಿಸಿ, ಪ್ರತಿಯೊಂದಕ್ಕೂ ‘ಅನ್ನು’ ಹಚ್ಚಿಸಿ, ಉ ಬಿದ್ದೋದ್ರೆ ಎಡಗಡೆ, ಉಳಿದ್ರೆ ಬಲಗಡೆ ಬರೀರಿ. ಎಡಗಡೆ ಬರೋದು: ಊರು, ಹಾಲು, ಕಾಡು, ಹಾವು, ಕಲ್ಲು, ಕಣ್ಣು, ಹೆಸರು, ನೆರಳು, ಬೆಳಕು, ಪೆನ್ನು. ಬಲಗಡೆ: ಗುರು, ಹಸು, ಕರು, ಮಗು, ನಡು, ಮಧು, ಋತು. ಅಷ್ಟು ಬರೆದು ಸುಮ್ನೆ ನಿಂತ್ಕೊಳ್ಳಿ. ಉತ್ತರ ಹೇಳ್ಬೇಡಿ, ಎಷ್ಟೇ ನಾಲಿಗೆ ತುರಿಸಿದ್ರೂ ಹೇಳ್ಬೇಡಿ.

ಯಾರೋ ಒಬ್ರು ‘ಬಲಗಡೆ ಎಲ್ಲಾ ಚಿಕ್ಕ ಚಿಕ್ಕ ಪದ’ ಅಂತಾರೆ. ಆದ್ರೆ ಹಾಲು, ಕಲ್ಲು ಕೂಡ ಎರಡೇ ಅಕ್ಷರ ಅಲ್ವಾ? ಹಾಲಲ್ಲಿ ‘ಹಾ’ ದೀರ್ಘ ಅಂತ ಇನ್ನೊಬ್ಬ. ಕಲ್ಲಲ್ಲಿ ದೀರ್ಘ ಇಲ್ಲ, ಒತ್ತಕ್ಷರ ಇದೆ. ದೀರ್ಘ ಇದ್ರೂ ಬೀಳತ್ತೆ, ಮುಂದೆ ಒತ್ತಕ್ಷರ ಇದ್ರೂ ಬೀಳತ್ತೆ. ಛಂದಸ್ಸು ಓದಿರೋ ಮಕ್ಕಳಾದ್ರೆ ಇಲ್ಲಿ ಒಬ್ರಿಗಾದ್ರೂ ತಲೇಲಿ ದೀಪ ಹತ್ತೇ ಹತ್ತತ್ತೆ: ಎರಡೂ ಗುರು! (ಛಂದಸ್ಸಲ್ಲಿ ಎರಡು ಮಾತ್ರೆಯ ಅಕ್ಷರ ಗುರು, ಒಂದು ಮಾತ್ರೆಯದು ಲಘು.) ಅಂದ್ರೆ ರೂಲ್ ಇಷ್ಟು, ಪದ ಎರಡೇ ಅಕ್ಷರದ್ದಾಗಿದ್ದು ಮೊದಲನೇದು ಲಘು ಆಗಿದ್ರೆ ಉ ಉಳಿಯತ್ತೆ, ಇಲ್ಲಾಂದ್ರೆ ಬೀಳತ್ತೆ. ಪದ್ಯಕ್ಕೆ ಮಾತ್ರ ಅಂದ್ಕೊಂಡಿದ್ದ ಲಘು ಗುರು ಸಂಧಿಗೂ ಕೆಲಸಕ್ಕೆ ಬಂತು ನೋಡಿ.

ಹಾಗಂತ ಕಥೆ ಮುಗೀಲಿಲ್ಲ. ‘ವಸ್ತು’ ಕೊಡಿ. ‘ವ’ ಗುರು, ರೂಲ್ ಪ್ರಕಾರ ‘ವಸ್ತನ್ನು’ ಆಗ್ಬೇಕು, ಆದ್ರೆ ನಾವನ್ನೋದು ವಸ್ತುವನ್ನು. ಸಾಧು, ಶತ್ರು, ಬಂಧು ಎಲ್ಲಾ ಹಿಂಗೇ ಹಠ ಹಿಡಿಯೋ ಪಾರ್ಟಿಗಳು, ಎಲ್ಲಾ ಸಂಸ್ಕೃತದಿಂದ ಬಂದಿರೋವು. ಆ ಕಡೆ ‘ಅದು’, ‘ಇದು’ ಲಘು ಇದ್ರೂ ಅದನ್ನು, ಇದನ್ನು ಆಗ್ತವೆ, ಅವು ಸರ್ವನಾಮ. ಸರಿ, ರೂಲ್‌ಗೆ ಮುಂಚೆ ಎರಡು ಪುಟ್ಟ ಪಟ್ಟಿ ನೋಡು ಅಂತ ಸೇರಿಸ್ತೀವಿ. ಪ್ರೋಗ್ರಾಮರ್‌ಗಳು ಇದನ್ನೇ ಸ್ಪೆಷಲ್ ಕೇಸ್ ಅಂತಾರೆ, ನಾವು ಅಪವಾದ ಅಂತೀವಿ.

ಹಂತ 3: ಈಗ ಕಂಪ್ಯೂಟರ್ ಮುಂದೆ

ಬೋರ್ಡ್ ಮೇಲಿರೋದನ್ನ ಮೊದಲು ಕನ್ನಡದಲ್ಲೇ ಹೀಗೆ ಬರೆಸಿ:

ಪದ ಕೇಳು
ಪದ ‘ಬೀಳೋ ಅಪವಾದ’ ಪಟ್ಟಿಯಲ್ಲಿದ್ರೆ → ಕೊನೇ ಚಿಹ್ನೆ ತೆಗಿ, ‘ನ್ನು’ ಸೇರಿಸು
ಪದ ‘ಉಳಿಯೋ ಅಪವಾದ’ ಪಟ್ಟಿಯಲ್ಲಿದ್ರೆ → ‘ವನ್ನು’ ಸೇರಿಸು
ಕೊನೇ ಚಿಹ್ನೆ ‘ು’ ಆಗಿದ್ರೆ →
  ಎರಡೇ ಅಕ್ಷರ, ಮೊದಲನೇದು ಲಘು: ‘ವನ್ನು’ ಸೇರಿಸು
  ಇಲ್ಲಾಂದ್ರೆ: ಕೊನೇ ಚಿಹ್ನೆ ತೆಗಿ, ‘ನ್ನು’ ಸೇರಿಸು
ಕೊನೇ ಚಿಹ್ನೆ ‘ಿ’ ಅಥವಾ ‘ೆ’ ಆಗಿದ್ರೆ → ‘ಯನ್ನು’ ಸೇರಿಸು
ಚಿಹ್ನೆನೇ ಇಲ್ಲಾಂದ್ರೆ → ‘ನಪುಂಸಕಲಿಂಗನಾ?’ ಅಂತ ಕೇಳು, ಹೌದಾದ್ರೆ ‘ವನ್ನು’, ಅಲ್ಲಾಂದ್ರೆ ‘ನನ್ನು’

ಇಲ್ಲಿ ಗಮನಿಸಿ, ಸೇರಿಸ್ತಿರೋದು ‘ಅನ್ನು’ ಅಲ್ಲ, ‘ನ್ನು’. ಮಕ್ಕಳು ಮೊದಲ ಸಲ ‘ಅನ್ನು’ ಅಂತಾನೇ ಸೇರಿಸ್ತಾರೆ, ಸ್ಕ್ರೀನ್ ಮೇಲೆ ‘ಊರಅನ್ನು’ ಅಂತ ಬರತ್ತೆ. ಬರಲಿ ಬಿಡಿ. ವ್ಯಂಜನದ ಒಳಗೇ ಒಂದು ‘ಅ’ ಅಡಗಿ ಕೂತಿರತ್ತೆ, ಹೊರಗಿನ ‘ಅ’ ಅದರಲ್ಲಿ ಸೇರ್ಕೊಳತ್ತೆ ಅನ್ನೋದು ಗುಣಿತಾಕ್ಷರ ಬರೆಸೋವಾಗ ಹೇಳಿದ್ದಕ್ಕಿಂತ ಇಲ್ಲಿ ಚೆನ್ನಾಗಿ ಅರ್ಥ ಆಗತ್ತೆ. ಮುಂದೆ ‘ಇಂದ’ ಸೇರಿಸಬೇಕಾದಾಗ ‘ಇ’ ಹೋಗಿ ‘ಿ’ ಬರಬೇಕು, ಅದಕ್ಕೆ ಸ್ವರ ಒಂದ್ಕಡೆ ಅದರ ಚಿಹ್ನೆ ಇನ್ನೊಂದ್ಕಡೆ ಇಟ್ಟು ಒಂದು ಟೇಬಲ್ ಮಾಡಿಸಿ.

ಆಮೇಲೆ ಒಂದು ಗುಂಪು ಬರೆದಿದ್ದನ್ನ ಇನ್ನೊಂದು ಗುಂಪಿಗೆ ಕೊಡಿ, ಅವರ ಕೆಲಸ ಅದನ್ನ ಕೆಡಿಸೋ ಪದ ಹುಡುಕೋದು. ಮಕ್ಕಳು ಡಿಕ್ಷನರಿ ತಗೊಂಡು ತಾವಾಗೇ ಓದಿದ್ದನ್ನ ನಾನು ನೋಡಿದ್ದು ಈ ಆಟದಲ್ಲಿ ಮಾತ್ರ.

ಹಂತ 4: ಅಕ್ಷರ ಅಂದ್ರೆ ಏನು?

ಇದನ್ನ ಸಂಧಿ ಆದ್ಮೇಲೆ ಇಡಿ, ಮುಂಚೆ ಇಟ್ರೆ ಗಲಿಬಿಲಿ. ‘ಕನ್ನಡ’ ಪದದಲ್ಲಿ ಎಷ್ಟು ಅಕ್ಷರ? ಮೂರು. ಪೈಥಾನ್ ಅಥವಾ ಸ್ಕ್ರ್ಯಾಚ್‌ನ ಕೇಳಿ, ಐದು ಅನ್ನತ್ತೆ. ಯಾಕಂದ್ರೆ ಯೂನಿಕೋಡ್‌ನಲ್ಲಿ, ಅಂದ್ರೆ ಕಂಪ್ಯೂಟರ್ ಅಕ್ಷರ ಇಟ್ಕೊಳ್ಳೋ ಪದ್ಧತಿಯಲ್ಲಿ, ಕ, ನ, ್, ನ, ಡ ಅಂತ ಐದು ತುಂಡು, ಒತ್ತಕ್ಷರ ಅನ್ನೋದು ಮೂರು ತುಂಡು ಸೇರಿ ಆಗಿರೋದು. ‘ಶಾಲೆ’ಯನ್ನ ತಿರುಗಿಸು ಅಂದ್ರೆ ‘ಲೆಶಾ’ ಬರಲ್ಲ, ‘ಲಾಶ’ ಅಂತ ಬಂದು ಎತ್ವದ ಚಿಹ್ನೆ ಮುಂದ್ಗಡೆ ಅನಾಥವಾಗಿ ನೇತಾಡ್ತಿರತ್ತೆ.

ಇದಕ್ಕೆ ಒಳ್ಳೇ ಆಟ ವಿಕಟಕವಿ. ಹಿಂದಿನಿಂದ ಓದಿದ್ರೂ ವಿಕಟಕವಿ. ಪ್ರೋಗ್ರಾಂ ಬರೆದು ಕೇಳಿದ್ರೆ ‘ಸರಸ’ ಹೌದು, ‘ಜಲಜ’ ಹೌದು, ‘ವಿಕಟಕವಿ’ ಅಲ್ಲ ಅನ್ನತ್ತೆ! ‘ಕಿಟಕಿ’ನೂ ಅಲ್ಲ. ಯಾಕೆ ಅಂತ ಮಕ್ಕಳೇ ಹುಡುಕ್ಲಿ, ಎರಡರಲ್ಲೂ ಗುಡಿಸು ಇದೆ ಅನ್ನೋ ಸುಳಿವು ಸಾಕು. ಸರಿ ಮಾಡಕ್ಕೆ ಒಂದು ಅಕ್ಷರ ಬಿಡಿಸೋ ಪ್ರೋಗ್ರಾಂ ಬೇಕು. ಎಡದಿಂದ ಒಂದೊಂದೇ ತುಂಡು ನೋಡ್ತಾ ಹೋಗು, ಅದು ಸ್ವರಚಿಹ್ನೆ, ‘್’, ಅನುಸ್ವಾರ, ವಿಸರ್ಗ ಇದರಲ್ಲಿ ಒಂದಾದ್ರೆ ಹಿಂದಿನ ಅಕ್ಷರಕ್ಕೆ ಅಂಟಿಸು, ಹಿಂದಿನದು ‘್’ದಲ್ಲಿ ಮುಗಿದಿದ್ರೂ ಅಂಟಿಸು, ಬೇರೇನಾದ್ರೂ ಆದ್ರೆ ಹೊಸ ಅಕ್ಷರ ಶುರು ಮಾಡು. ಅಷ್ಟೇ, ಹತ್ತು ಸಾಲೊಳಗೆ ಮುಗಿಯತ್ತೆ. ಇದಾದ್ಮೇಲೆ ‘ಕುಬೇರನಿಗೇನಿರಬೇಕು’ ಅಂತ ಕೊಟ್ಟು ನೋಡಿ, ‘ಹೌದು’ ಅಂತ ಬಂದಾಗ ಕ್ಲಾಸಲ್ಲಿ ಆಗೋ ಗಲಾಟೆಗೆ ಪಕ್ಕದ ಕ್ಲಾಸಿನವರು ಇಣುಕಿ ನೋಡ್ತಾರೆ. ಹಂತ 3ರಲ್ಲಿ ‘ಎರಡೇ ಅಕ್ಷರ’ ಅಂತ ಬರೆದಿದ್ವಲ್ಲ, ಅದನ್ನ ಎಣಿಸಕ್ಕೂ ಇದೇ ಬೇಕು, ಅಲ್ಲಿವರೆಗೆ ಅಕ್ಷರ ಎಷ್ಟು, ಲಘುನಾ ಗುರುನಾ ಅಂತ ಮಕ್ಕಳನ್ನೇ ಕೇಳೋ ಹಾಗೆ ಇಟ್ಟಿರಿ.

ಹಂತ 5: ಪ್ರಸ್ತಾರ

ಪ್ರಸ್ತಾರ ಅಂದ್ರೆ ಪದ್ಯದ ಅಕ್ಷರಗಳಿಗೆ ಲಘು ಗುರು ಗುರುತು ಹಾಕೋದು. ನನ್ನ ಪ್ರಕಾರ ಇಡೀ ಕನ್ನಡ ಸಿಲಬಸ್‌ನಲ್ಲಿ ಪ್ರೋಗ್ರಾಮಿಂಗ್‌ಗೆ ಇದಕ್ಕಿಂತ ಹೇಳಿ ಮಾಡಿಸಿದ ಪಾಠ ಇನ್ನೊಂದಿಲ್ಲ. ಲಘು ಒಂದು ಮಾತ್ರೆ, ಗುರು ಎರಡು. ದೀರ್ಘ ಇದ್ರೆ, ಐ ಔ ಇದ್ರೆ, ಅನುಸ್ವಾರ ವಿಸರ್ಗ ಇದ್ರೆ, ವ್ಯಂಜನದಲ್ಲಿ ಮುಗಿದ್ರೆ ಗುರು, ಇವೆಲ್ಲಾ ಆ ಅಕ್ಷರ ಒಂದನ್ನೇ ನೋಡಿ ಹೇಳಬಹುದು. ಆದ್ರೆ ‘ಮುಂದಿನದು ಒತ್ತಕ್ಷರ ಆದ್ರೆ ಗುರು’ ಅನ್ನೋ ರೂಲ್‌ಗೆ ಮಾತ್ರ ಒಂದು ಹೆಜ್ಜೆ ಮುಂದೆ ಇಣುಕಿ ನೋಡ್ಬೇಕು. ‘ಪುಸ್ತಕ’ದಲ್ಲಿ ಪು ಗುರು ಆಗಿರೋದು ಅದರ ಸ್ವಂತ ಬಲದಿಂದ ಅಲ್ಲ, ಪಕ್ಕದ ‘ಸ್ತ’ ದೆಸೆಯಿಂದ. ಮಕ್ಕಳ ಪ್ರೋಗ್ರಾಂ ಇಲ್ಲೇ ಎಡವೋದು, ಕೊನೇ ಅಕ್ಷರಕ್ಕೆ ಬಂದಾಗ ಮುಂದೆ ಏನೂ ಇರಲ್ಲ, ಎರರ್ ಬರತ್ತೆ. ‘ಮುಂದೆ ಅಕ್ಷರ ಇದ್ಯಾ ನೋಡ್ಕೊ’ ಅಂತ ಒಂದು ಷರತ್ತು ಸೇರಿಸೋದನ್ನ ಅವರೇ ಕಂಡ್ಕೊಳ್ಲಿ.

ಸರಿ ಇದ್ಯಾ ಅಂತ ಪರೀಕ್ಷೆ ಮಾಡಕ್ಕೆ ಭಾಮಿನಿ ಷಟ್ಪದಿ ಬಳಸಿ. 1, 2, 4, 5ನೇ ಸಾಲಲ್ಲಿ ತಲಾ 14 ಮಾತ್ರೆ, 3 ಮತ್ತು 6ರಲ್ಲಿ ತಲಾ 23, ಒಟ್ಟು 102. ಪಠ್ಯದ ಒಂದು ಪದ್ಯ ಟೈಪ್ ಮಾಡಿ ಓಡಿಸಿ. ನಮ್ಮಲ್ಲಿ ಒಂದ್ಸಲ 101 ಬಂತು, ಅರ್ಧ ಪೀರಿಯಡ್ ಕೋಡ್ ಕೆದಕಿದ್ದೇ ಕೆದಕಿದ್ದು, ಕೊನೆಗೆ ನೋಡಿದ್ರೆ ಕೋಡ್ ಸರಿ ಇತ್ತು, ಟೈಪ್ ಮಾಡಿದವಳು ‘ೇ’ ಬದಲು ‘ೆ’ ಒತ್ತಿದ್ಲು. ಛಂದಸ್ಸೇ ಸ್ಪೆಲ್ಲಿಂಗ್ ತಪ್ಪು ಹಿಡ್ಕೊಡ್ತು! ಅಂದಹಾಗೆ ಯೂನಿಕೋಡ್‌ನಲ್ಲಿ ‘ೇ’ಯನ್ನ ಒಂದೇ ತುಂಡಾಗೂ ಇಡಬಹುದು, ‘ೆ’ ಮತ್ತು ದೀರ್ಘದ ಚಿಹ್ನೆ ‘ೕ’ ಅಂತ ಎರಡು ತುಂಡಾಗೂ ಇಡಬಹುದು, ನೋಡಕ್ಕೆ ಎರಡೂ ಒಂದೇ. ಎಲ್ಲಿಂದಾನೋ ಕಾಪಿ ಮಾಡಿದ ಪದ್ಯದಲ್ಲಿ ಲೆಕ್ಕ ತಪ್ಪಿದ್ರೆ ಇದನ್ನೂ ಅನುಮಾನಿಸಿ. ಹಳಗನ್ನಡ ಪದ್ಯದಲ್ಲಿ ಶಿಥಿಲದ್ವಿತ್ವ (ಮುಂದೆ ಒತ್ತಕ್ಷರ ಇದ್ರೂ ಹಿಂದಿನದು ಲಘುವಾಗೇ ಉಳಿಯೋದು) ಬೇರೆ ಕಾಟ ಕೊಡತ್ತೆ, ಶುರುವಿಗೆ ಅದು ಬೇಡ.

ಅಕ್ಷರಗಣಕ್ಕೆ, ಅಂದ್ರೆ ಮೂರು ಮೂರು ಅಕ್ಷರದ ಗುಂಪಿಗೆ, ‘ಯಮಾತಾರಾಜಭಾನಸಲಗಂ’ ಸೂತ್ರ ಎಲ್ಲರಿಗೂ ಬಾಯಿಗೆ ಬರತ್ತೆ. ಅದರ ಹತ್ತು ಅಕ್ಷರದ ಮೇಲೆ ಮೂರಕ್ಷರದ ಕಿಟಕಿ ಇಟ್ಟು ಒಂದೊಂದೇ ಹೆಜ್ಜೆ ಬಲಕ್ಕೆ ಸರಿಸಿ. ಯಮಾತಾ ಯಗಣ, ಮಾತಾರಾ ಮಗಣ, ತಾರಾಜ ತಗಣ, ಹೀಗೇ ಸಲಗಂ ವರೆಗೆ ಎಂಟು. ಮೂರು ಜಾಗ, ಒಂದೊಂದಕ್ಕೆ ಎರಡೆರಡು ಆಯ್ಕೆ, ಎಂಟಕ್ಕಿಂತ ಜಾಸ್ತಿ ಆಗಕ್ಕೆ ಸಾಧ್ಯಾನೇ ಇಲ್ಲ. ಹತ್ತೇ ಅಕ್ಷರದಲ್ಲಿ ಎಂಟೂ ಗಣ ಒಂದೊಂದೇ ಸಲ ಬರೋ ಹಾಗೆ ಹೊಂದಿಸಿದ ಪುಣ್ಯಾತ್ಮ ಯಾರೋ, ಒಳ್ಳೇ ಪ್ರೋಗ್ರಾಮರ್ ಅಂತೂ ಹೌದು. ಮಾತ್ರಾಗಣಕ್ಕೆ ಬಂದ್ರೆ, ಮೂರು ಮಾತ್ರೆಯ ಗಣ 3 ಥರ, ನಾಲ್ಕರದ್ದು 5, ಐದರದ್ದು 8. ಮುಂದಿನದು ಎಷ್ಟು ಅಂತ ಕೇಳಿ, ಹಿಂದಿನ ಎರಡು ಕೂಡಿಸಿ 13 ಅಂತಾರೆ. ಈ ಲೆಕ್ಕನ ಹೇಮಚಂದ್ರ ಅನ್ನೋ ಜೈನ ವಿದ್ವಾಂಸ 12ನೇ ಶತಮಾನದಲ್ಲೇ ಬರೆದಿಟ್ಟಿದ್ದ, ಈಗ ಈ ಸಂಖ್ಯೆಗಳಿಗೆ ಯಾರ ಹೆಸರಿದೆಯೋ ಆ ಇಟಲಿಯ ಫಿಬೊನಾಚಿ ಪುಸ್ತಕ ಬಂದಿದ್ದು 1202ರಲ್ಲಿ. ಗಣಿತದ ಮೇಷ್ಟ್ರನ್ನ ಆ ದಿನ ಕ್ಲಾಸಿಗೆ ಕರ್ಕೊಂಡು ಬನ್ನಿ.

ಹಂತ 6: ವಾಕ್ಯ ಮತ್ತು ಮಾತುಕತೆ

ಮೂರು ಪಟ್ಟಿ ಮಾಡ್ಸಿ, ಕರ್ತೃ, ಕರ್ಮ, ಕ್ರಿಯಾಪದ, ಒಂದೊಂದರಿಂದ ಒಂದು ಪದ ಯಾದೃಚ್ಛಿಕವಾಗಿ, ಅಂದ್ರೆ ಲಾಟರಿ ಥರ, ತೆಗೆದು ಜೋಡಿಸು ಅನ್ನಿ. ‘ಹುಡುಗಿ ಹಾವನ್ನು ತಿಂದನು’ ಅಂತ ಬರತ್ತೆ. ಅರ್ಥದ ತಪ್ಪು ಯಾವುದು, ವ್ಯಾಕರಣದ ತಪ್ಪು ಯಾವುದು ಅಂತ ಬೇರೆ ಮಾಡ್ಸಿ. ಹುಡುಗಿ ಹಾವು ತಿನ್ನೋದು ವಿಚಿತ್ರ, ತಪ್ಪಲ್ಲ, ‘ತಿಂದನು’ ತಪ್ಪು.

ಸ್ವಲ್ಪ ದೊಡ್ಡ ಮಕ್ಕಳಿಗೆ 1966ರ ಎಲೈಜಾ ಥರದ್ದು ಮಾಡಿಸಬಹುದು. ಜೋಸೆಫ್ ವೈಜನ್‌ಬಾಮ್ ಮಾಡಿದ ಆ ಪ್ರೋಗ್ರಾಂಗೆ ಏನೂ ಅರ್ಥ ಆಗ್ತಿರಲಿಲ್ಲ, ನೀವಂದಿದ್ದರಲ್ಲಿ ‘ನಾನು’ ಇದ್ದ ಕಡೆ ‘ನೀವು’ ಹಾಕಿ ಪ್ರಶ್ನೆ ಮಾಡಿ ವಾಪಸ್ ಕೊಡ್ತಿತ್ತು, ಅಷ್ಟಕ್ಕೇ ಜನ ಮರುಳಾದ್ರು. ಕನ್ನಡದಲ್ಲಿ ಮಾಡಕ್ಕೆ ಹೋದ್ರೆ ಒಂದು ತಮಾಷೆ ಇದೆ. ‘ನಾನು ಬಂದೆ’ ಅಂದ್ರೆ ‘ನೀವು ಬಂದೆ’ ಆಗಿಬಿಡತ್ತೆ, ಕ್ರಿಯಾಪದದ ಬಾಲನೂ ಬದಲಾಗ್ಬೇಕು. ಆದ್ರೆ ‘ನನಗೆ ಬೇಜಾರಾಗಿದೆ’ ಅಂದ್ರೆ ‘ನಿಮಗೆ ಯಾಕೆ ಬೇಜಾರಾಗಿದೆ?’ ಸಲೀಸಾಗಿ ಬರತ್ತೆ, ಯಾಕಂದ್ರೆ ‘ನನಗೆ’ ಇರೋ ವಾಕ್ಯದಲ್ಲಿ ಕ್ರಿಯಾಪದ ಯಾರಿಗೆ ಅನ್ನೋದನ್ನ ನೋಡಿ ಬದಲಾಗಲ್ಲ. ಬೇಜಾರು, ಹಸಿವು, ಭಯ, ಖುಷಿ ಎಲ್ಲಾ ಕನ್ನಡದಲ್ಲಿ ‘ನನಗೆ’ ಆಗೋವೇ, ಹಾಗಾಗಿ ದುಃಖ ಕೇಳೋ ಯಂತ್ರನ ಕನ್ನಡದಲ್ಲಿ ಮಾಡೋದು ಸುಲಭ!

ಮಾರ್ಕ್ಸ್ ಹೇಗೆ, ಇತ್ಯಾದಿ

ಕೋಡ್ ಓಡ್ತೋ ಇಲ್ವೋ ಅನ್ನೋದಕ್ಕೆ ನಾನು ಮಾರ್ಕ್ಸ್ ಕೊಡಲ್ಲ. ಮೂರು ಸಾಲು ಬರೆಸ್ತೀನಿ: ನಿನ್ನ ರೂಲ್ ಏನು, ಅದನ್ನ ಮುರಿಯೋ ಪದ ಯಾವುದು, ಯಾಕೆ ಮುರಿಯತ್ತೆ. ಮುರಿಯೋ ಪದ ಸಿಕ್ಕಿಲ್ಲ ಅಂದವರಿಗೆ ಕಮ್ಮಿ ಮಾರ್ಕ್ಸು.

ಟೈಪಿಂಗ್ ನಿಧಾನ ಆಗತ್ತೆ, ಅದಕ್ಕೆ ಪದಗಳ ಪಟ್ಟಿನ ಮುಂಚೆನೇ ಫೈಲಲ್ಲಿ ಹಾಕಿಡಿ. ಒಂದು ಕಂಪ್ಯೂಟರ್‌ಗೆ ಮೂರು ಜನ ಕೂತ್ರೆ ಟೈಪ್ ಮಾಡೋನು ಯೋಚನೆ ಮಾಡಂಗಿಲ್ಲ, ಹೇಳೋನು ಕೀಬೋರ್ಡ್ ಮುಟ್ಟಂಗಿಲ್ಲ, ಮೂರನೆಯವಳು ತಪ್ಪು ಹುಡುಕ್ತಾಳೆ, ಹತ್ತು ನಿಮಿಷಕ್ಕೆ ಜಾಗ ಬದಲು. ಇನ್ನು ಎಐ ಹತ್ರ ಕೇಳಿ ಕೋಡ್ ತಂದ್ರೆ ಏನ್ಮಾಡೋದು ಅಂತ ಎಲ್ಲರೂ ಕೇಳ್ತಾರೆ. ತರಲಿ. ಅದನ್ನ ಬೋರ್ಡ್ ಮುಂದೆ ಓಡಿಸಿ ‘ವಸ್ತು’, ‘ಅದು’, ‘ಸೂರ್ಯ’, ‘ಕಿಟಕಿ’ ಒಂದೊಂದಾಗಿ ಕೊಡಿ, ಎಲ್ಲಿ ಮುಗ್ಗರಿಸತ್ತೆ ಅಂತ ಕ್ಲಾಸೇ ಹೇಳತ್ತೆ, ತಂದ ಹುಡುಗನೇ ಎದ್ದು ರಿಪೇರಿ ಮಾಡ್ಲಿ.

ಒಟ್ಟು ಎಂಟು ಹತ್ತು ಪೀರಿಯಡ್ ಹಿಡಿಯತ್ತೆ, ಒಟ್ಟಿಗೆ ಮಾಡಬೇಡಿ, ಪಠ್ಯದಲ್ಲಿ ಆಯಾ ಪಾಠ ಬಂದಾಗ ಒಂದೊಂದು. ಮೊದಲನೇ ಸಲ ಬರೀ ಹಂತ 1 ಮಾಡಿ, ಮತ್ತೆ ‘ಮಗು’ಗೆ ಬಹುವಚನ ಮಾಡೋ ರೂಲ್ ಬರ್ಕೊಂಡು ಬನ್ನಿ ಅಂತ ಹೋಂವರ್ಕ್ ಕೊಟ್ಟು ಕಳ್ಸಿ.